ಎಡಗೆನ್ನೆಯ ಸರ್ಕಾರಿ ಬೊಟ್ಟು

ಹೆಬ್ಬಗೋಡಿಯ ವನಜಮ್ಮನಿಗೆ ದೇವರಲ್ಲಿ ನಂಬಿಕೆ ಇದೆ, ಇಲ್ಲವೆನ್ನಲಾಗದು. ಆದರೆ ಜನರ ಕೆಟ್ಟ ಕಣ್ಣಿನಲ್ಲಿ ಅವಳಿಟ್ಟಿರುವ ನಂಬಿಕೆಯ ಮುಂದೆ ಅದು ಯಾವ ಮೂಲೆಗೂ ಸಾಲದು. ದೇವರು ಒಂದೊಂದು ಸಲ ಸುಮ್ಮನಿದ್ದುಬಿಡುತ್ತಾನೆ, ಜನ ಸುಮ್ಮನಿರುವುದಿಲ್ಲ ಎಂಬುದು ಅವಳ ಅನುಭವ. ಅದಕ್ಕೇ ಅವಳ ಮೂರಂತಸ್ತಿನ ಕಟ್ಟಡದ ನೆತ್ತಿಯಲ್ಲಿ ದೊಡ್ಡ ಮೀಸೆಯ ರಾಕ್ಷಸನ ಮುಖವಿದೆ, ಬಾಗಿಲಲ್ಲಿ ಬೂದುಗುಂಬಳ ತೂಗುತ್ತದೆ, ಗಂಡನ ಸ್ಕೂಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಜೋತುಬಿದ್ದಿದೆ. ನೀರಿನ ಮೋಟಾರಿಗೂ ಅವಳು ಬೊಟ್ಟಿಟ್ಟಿದ್ದಾಳೆ. ಆ ಮೋಟಾರು ಆಗಾಗ ಸುಟ್ಟುಹೋಗುತ್ತದೆ. ಬೊಟ್ಟು ಇಲ್ಲದಿದ್ದರೆ ದಿನಾ ಸುಡುತ್ತಿತ್ತು ಎಂದು ಅವಳು ವಾದಿಸುತ್ತಾಳೆ, ಮತ್ತು ಆ ವಾದಕ್ಕೆ ಎದುರು ಹೇಳುವವರು ಆ ಬೀದಿಯಲ್ಲಿ ಯಾರೂ ಇಲ್ಲ.

ಅವಳ ದೊಡ್ಡ ಆಯುಧ ಕಾಡಿಗೆ. ಅಂಗಡಿಯ ಕಡ್ಡಿ ಕಾಡಿಗೆ ಕಂಡರೆ ಮೂಗು ಮುರಿಯುತ್ತಾಳೆ. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಕಟ್ಟಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ, ಅತ್ತೆ ಕೊಟ್ಟ ಬೆಳ್ಳಿ ಡಬ್ಬಿಯಲ್ಲಿ ತುಂಬಿಡುತ್ತಾಳೆ. ಡಬ್ಬಿ ಸದಾ ಸೊಂಟದಲ್ಲಿರುತ್ತದೆ. ಅವಳ ಕಟ್ಟಡದಲ್ಲಿ ಕಲಬುರಗಿಯವರು, ಒಡಿಶಾದವರು, ಬಿಹಾರದವರು ಎಲ್ಲರೂ ಬಾಡಿಗೆಗೆ ಇದ್ದಾರೆ. ಯಾರ ಮಗುವಾದರೇನು, ಗೇಟು ದಾಟುವಾಗ ಕೈಗೆ ಸಿಕ್ಕರೆ ಎಡಗೆನ್ನೆಯ ಮೇಲೆ ಒಂದು ಕಪ್ಪು ಬೊಟ್ಟು ಬಿದ್ದಂತೆಯೇ. ತಾಯಂದಿರು ಮೊದಮೊದಲು ಗೊಣಗುತ್ತಾರೆ, ಆಮೇಲೆ ಅವರೇ ಮಗುವಿನ ಕೆನ್ನೆ ಮುಂದೆ ಮಾಡಿ ನಿಲ್ಲುತ್ತಾರೆ.

ಗಂಡ ದೊಡ್ಡಮುನಿಯಪ್ಪನದು ಬೇರೆ ಹುಚ್ಚು. ಅವರ ರಾಗಿ ಹೊಲದ ಮೇಲೆ ಕಾರ್ಖಾನೆ ಎದ್ದ ಮೇಲೆ ಅವನು ಮಾಡಲು ಕೆಲಸವಿಲ್ಲದೆ ಸನ್ಮಾನ ಮಾಡುವುದನ್ನು ಕಲಿತ. ಲೈನ್‌ಮನ್ ಬಂದರೆ ಶಾಲು, ಪೊಲೀಸ್ ಪೇದೆಗೆ ವರ್ಗವಾದರೆ ಶಾಲು, ವರ್ಗ ರದ್ದಾದರೆ ಇನ್ನೊಂದು ಶಾಲು. ಶಾಲು ಹೊದಿಸದೆ ಈ ದೇಶದಲ್ಲಿ ಯಾವ ಕಾಗದವೂ ಅಲ್ಲಾಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಬೀರುವಿನಲ್ಲಿ ಹೊಸ ಶಾಲುಗಳ ಕಟ್ಟು ಯಾವಾಗಲೂ ಇರುತ್ತದೆ.

ಈ ಮನೆಗೆ ರೆಹೆಮಾ ಬಂದದ್ದು ಅವರೆಕಾಯಿ ಕಾಲದಲ್ಲಿ. ಆಫ್ರಿಕಾದ ಪೂರ್ವಕ್ಕೆ, ಸಮುದ್ರ ಇರುವ ಒಂದು ದೇಶದ ಹುಡುಗಿ. ದೇಶದ ಹೆಸರು ಬೇಡ. ಅವರ ರಾಯಭಾರ ಕಚೇರಿಯ ಬಗ್ಗೆ ಮುಂದೆ ನಾಲ್ಕು ಮಾತು ಬರುವುದಿದೆ, ಅಲ್ಲಿ ಅವಳಿಗೆ ಇನ್ನೂ ಕೆಲಸ ಬೀಳಬಹುದು. ಬೊಮ್ಮಸಂದ್ರದ ಕಡೆಯ ಕಾಲೇಜಿನಲ್ಲಿ ಔಷಧ ಶಾಸ್ತ್ರ ಓದಲು ಬಂದವಳು ರೂಮು ಹುಡುಕಿ ಬೀದಿ ಬೀದಿ ಅಲೆದಿದ್ದಳು. ಎಲ್ಲರ ಗೇಟಿನಲ್ಲೂ ‘ಮನೆ ಖಾಲಿ ಇದೆ’ ಬೋರ್ಡು. ಅವಳ ಮುಖ ಕಂಡ ಕೂಡಲೇ ಎಲ್ಲರ ಮನೆಯೂ ತುಂಬಿಹೋಗುತ್ತಿತ್ತು.

ವನಜಮ್ಮನೇನೂ ಆ ಬೀದಿಯವರಿಗಿಂತ ದೊಡ್ಡ ಮನಸ್ಸಿನವಳಲ್ಲ. ಅವಳೂ “ಇಲ್ಲಮ್ಮ, ನೆಂಟ್ರು ಬತ್ತಾವ್ರೆ” ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. “ಒಸಿ ಇರು” ಎಂದು ಹೇಳಿ ಟ್ಯಾಂಕರಿನವನ ಜೊತೆ ಜಗಳಕ್ಕೆ ಹೋದಳು. ಜಗಳ ಚೆನ್ನಾಗಿ ನಡೆಯಿತು. ಮುಗಿಸಿಕೊಂಡು ಬಂದು ನೋಡಿದರೆ ರೆಹೆಮಾ ಮೆಟ್ಟಿಲ ಮೇಲೆ ಕೂತು, ನೆನೆಸಿಟ್ಟಿದ್ದ ಅವರೆಕಾಳನ್ನು ಹಿದುಕುತ್ತಿದ್ದಳು. ಪಕ್ಕದಲ್ಲಿದ್ದ ದೊಡ್ಡಮುನಿಯಪ್ಪನನ್ನು ನೋಡಿ ಕಲಿತಿದ್ದಳು. ಅವನು ಒಂದು ಕಾಳಿನ ಸಿಪ್ಪೆ ಬಿಡಿಸುವಷ್ಟರಲ್ಲಿ ಅವಳು ಒಂದು ಹಿಡಿ ಮುಗಿಸುತ್ತಿದ್ದಳು. ಮನೆಯ ಸಾರಿಗೆ ಬೇಳೆ ಹಿದುಕಿಕೊಟ್ಟವಳಿಗೆ ರೂಮು ಇಲ್ಲ ಎನ್ನಲು ವನಜಮ್ಮನಿಗೆ ನಾಲಗೆ ಹೊರಳಲಿಲ್ಲ.

ಎರಡನೆಯ ಅವರೆಕಾಯಿ ಕಾಲ ಬರುವಷ್ಟರಲ್ಲಿ ರೆಹೆಮಾ ಕನ್ನಡ ಮಾತಾಡುತ್ತಿದ್ದಳು. ಗುರು ವನಜಮ್ಮ ಆದ್ದರಿಂದ ಅದು ಅಪ್ಪಟ ಹೆಬ್ಬಗೋಡಿಯ ಕನ್ನಡ. ಕಾಲೇಜಿನ ಮೇಷ್ಟ್ರುಗಳು ಅವಳ ಬಾಯಲ್ಲಿ “ಅಂಗಲ್ಲ ಸಾರ್, ಇಂಗೆ” ಎಂಬುದನ್ನು ಕೇಳಿ ತಬ್ಬಿಬ್ಬಾಗುತ್ತಿದ್ದರು. ಅವಳ ಗಂಡ ಊರಿನಲ್ಲಿ ಬಂದರಿನ ಕೆಲಸದಲ್ಲಿದ್ದ. ಒಂದು ರಜೆಗೆ ಬಂದು, ದೊಡ್ಡಮುನಿಯಪ್ಪನ ಕೈಯಲ್ಲಿ ಶಾಲು ಹೊದಿಸಿಕೊಂಡು ಹೋದ. ಅವನು ಹೋದ ಮೇಲೆ ರೆಹೆಮಾ ಬಸುರಿ ಎಂದು ಗೊತ್ತಾಯಿತು. ಹೆರಿಗೆಗೆ ಅವಳ ತಾಯಿ ಬರಬೇಕೆಂದಿದ್ದಳು, ವೀಸಾ ಸಿಗಲಿಲ್ಲ. ಹೀಗಾಗಿ ಬಾಣಂತನ ವನಜಮ್ಮನ ಪಾಲಿಗೆ ಬಂತು. ಯಾರೂ ಅವಳನ್ನು ಕೇಳಿರಲಿಲ್ಲ, ಬೇಡವೆನ್ನಲೂ ಯಾರಿಗೂ ಧೈರ್ಯವಿರಲಿಲ್ಲ.

ಮಗು ಹೆಣ್ಣು, ಹೆಸರು ನೀಮಾ. ಸೊಸೆ ದಿವ್ಯಾಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮಕ್ಕಳ ಮಾತೆತ್ತಿದರೆ “ಇನ್ನೂ ಟೈಮ್ ಇದೆ ಅತ್ತೆ” ಎನ್ನುತ್ತಿದ್ದಳು. ಹಾಗಾಗಿ ವನಜಮ್ಮ ಕೂಡಿಟ್ಟಿದ್ದ ಅಜ್ಜಿತನವೆಲ್ಲ ನೀಮಾಳ ಮೇಲೆ ಸುರಿಯಿತು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಕೊನೆಗೆ ಉಂಗುರದ ಬೆರಳಿನಿಂದ ಎಡಗೆನ್ನೆಗೆ ಬೊಟ್ಟಿಡುವುದು. ಬೊಟ್ಟು ದಿನಾ ಅದೇ ಜಾಗ, ಅದೇ ಗಾತ್ರ.

“ಇದ್ಯಾಕಮ್ಮ?” ಎಂದು ರೆಹೆಮಾ ಒಮ್ಮೆ ಕೇಳಿದ್ದಳು.

“ಚೆಂದಾಗಿರೋದ್ನ ನಾವೇ ಒಸಿ ಕೆಡ್ಸಿಬುಡ್ಬೇಕು. ಆಗ ಬ್ಯಾರೇವ್ರು ಕೆಡ್ಸಕ್ಕೆ ಬರಕಿಲ್ಲ.”

ರೆಹೆಮಾ ಔಷಧ ಶಾಸ್ತ್ರ ಓದಿದವಳು. ಈ ಮಾತಿಗೆ ಅವಳ ಪುಸ್ತಕದಲ್ಲಿ ಏನೂ ಇರಲಿಲ್ಲ. ಒಪ್ಪಿಕೊಂಡಳು.

ಕೋರ್ಸು ಮುಗಿಯುವ ಹೊತ್ತಿಗೆ ನೀಮಾ ಬೋರಲು ಬೀಳುವುದನ್ನು ಕಲಿತಿದ್ದಳು. ಕೋರ್ಸಿನ ಜೊತೆಗೆ ರೆಹೆಮಾಳ ವೀಸಾವೂ ಮುಗಿಯುತ್ತಿತ್ತು. ತಾಯಿಗೆ ಪಾಸ್‌ಪೋರ್ಟ್ ಇತ್ತು, ಮಗುವಿಗೆ ಇರಲಿಲ್ಲ. ಹೆಬ್ಬಗೋಡಿಯಲ್ಲಿ ಹುಟ್ಟಿದರೂ ನೀಮಾ ಆ ದೇಶದ ಪ್ರಜೆ, ಹೌದೆಂದು ಒಪ್ಪಬೇಕಾದವರು ದೆಹಲಿಯಲ್ಲಿದ್ದರು. ಪಾಸ್‌ಪೋರ್ಟ್ ಇಲ್ಲದೆ ಮಗು ವಿಮಾನ ಹತ್ತುವಂತಿಲ್ಲ, ಮಗುವನ್ನು ಬಿಟ್ಟು ತಾಯಿ ಹೋಗುವಂತಿಲ್ಲ, ವೀಸಾ ಮುಗಿದ ಮೇಲೆ ತಾಯಿ ಇಲ್ಲಿರುವಂತಿಲ್ಲ. ಅತ್ತ ಅಪ್ಪನಾದವನು ಮಗಳನ್ನು ಫೋನಿನ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಎತ್ತಿಕೊಂಡರೆ ಎಷ್ಟು ಭಾರ ಇದ್ದಾಳೆ ಎಂದು ಪ್ರತಿ ಸಲವೂ ಕೇಳುತ್ತಿದ್ದ.

ರಾಯಭಾರ ಕಚೇರಿಯ ದೊಡ್ಡ ಗುಣವೆಂದರೆ ಎರಡೂ ದೇಶಗಳ ಮೇಲೆ ಅದಕ್ಕಿದ್ದ ಸಮಾನ ಪ್ರೀತಿ. ಅವರ ಸ್ವಾತಂತ್ರ್ಯ ದಿನಕ್ಕೂ ರಜೆ, ನಮ್ಮದಕ್ಕೂ ರಜೆ. ಈದ್, ಈಸ್ಟರ್, ಹೋಳಿ, ದೀಪಾವಳಿ, ಒಂದನ್ನೂ ಬಿಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಫೋನು ತೆಗೆಯಬೇಕಾದ ಮಹಾಶಯ ಊಟಕ್ಕೆ ಹೋಗಿರುತ್ತಿದ್ದ. ರೆಹೆಮಾ ಇಮೇಲ್ ಬರೆದಳು. ನಿಮ್ಮ ಇಮೇಲ್ ತಲುಪಿದೆ ಎಂಬ ಇಮೇಲ್ ಬಂತು. ಮುಂದೇನು ಎಂದು ಮತ್ತೆ ಬರೆದಳು. ಅದೂ ತಲುಪಿದೆ ಎಂದು ಬಂತು.

“ಅದೇನ್ ಆಫೀಸೋ ಕಾಣೆ. ನಮ್ ತಾಲೂಕ್ ಆಫೀಸೇ ವಾಸಿ, ಬೈಯಕ್ಕಾದ್ರೂ ಒಬ್ಬ ಸಿಗ್ತಾನೆ” ಎಂದಳು ವನಜಮ್ಮ.

ಕೊನೆಗೆ ಒಂದು ದಿನ ಸುದ್ದಿ ಬಂತು. ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ದೆಹಲಿಯಿಂದ ಬಂದು ಮಾರತ್ತಹಳ್ಳಿಯ ಹೋಟೆಲೊಂದರಲ್ಲಿ ಒಂದೇ ಒಂದು ದಿನ ಕೂರುತ್ತಾರೆ, ಕೆಲಸವಿದ್ದವರು ಬರಬೇಕು, ಮಗುವಿನ ಪಾಸ್‌ಪೋರ್ಟ್ ಬೇಕಾದವರು ಮಗುವನ್ನೂ ಫೋಟೋವನ್ನೂ ತರಬೇಕು. ಸೂಚನೆಗಳನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ ಆ ಮನೆಯಲ್ಲಿ ದಿವ್ಯಾ ಒಬ್ಬಳಿಗೇ ಇತ್ತು.

“ಅತ್ತೆ, ಬಿಳಿ ಬ್ಯಾಕ್‌ಗ್ರೌಂಡು, ಮುಖದ ಮೇಲೆ ಏನೂ ಇರ್ಬಾರ್ದಂತೆ. ಬೊಟ್ಟು ಒರೆಸ್ಬಿಡಿ” ಎಂದು ಹೇಳಿ ಅವಳು ಆಫೀಸಿಗೆ ಹೋದಳು.

ವನಜಮ್ಮ ಒರೆಸಿದಳು. ಅವಳನ್ನು ಬೈಯುವ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು. ಸ್ಟುಡಿಯೋದಲ್ಲಿ ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ತಾನೇ ಸೆರಗಿನ ತುದಿಯಿಂದ ಕೆನ್ನೆ ಒರೆಸಿದಳು. ಮೊದಲ ಫೋಟೋ ಹೊಡೆದಾಗ ನೀಮಾ ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಹೊಡೆಯಲು ಬಗ್ಗಿದ ಫೋಟೋದವನು, “ಅಬ್ಬಾ, ಏನ್ ಕಣ್ಣಕ್ಕ ಇದು, ಇಷ್ಟು ಮುದ್ದಾದ ಮಗೂನ ನಮ್ ಸ್ಟುಡಿಯೋದಲ್ಲೇ ನೋಡಿಲ್ಲ” ಎಂದುಬಿಟ್ಟ.

ಬೊಟ್ಟಿಲ್ಲದ ಮಗು, ದೀಪದ ಬೆಳಕಿನಲ್ಲಿ, ಹೊರಗಿನ ಗಂಡಸಿನ ಬಾಯಲ್ಲಿ ಇಂಥ ಮಾತು. ಇದಕ್ಕಿಂತ ಕೆಟ್ಟದ್ದು ವನಜಮ್ಮನ ಲೆಕ್ಕದಲ್ಲಿ ಇನ್ನೊಂದಿಲ್ಲ. ಅವನು ಲೈಟು ಸರಿಮಾಡಲು ಅತ್ತ ತಿರುಗಿದ, ರೆಹೆಮಾ ಗಿಲಕಿ ತೆಗೆಯಲು ಬ್ಯಾಗಿಗೆ ಬಗ್ಗಿದಳು. ವನಜಮ್ಮನ ಬೆರಳು ಸೊಂಟದ ಡಬ್ಬಿಗೆ ಹೋಗಿ ಮಗುವಿನ ಕೆನ್ನೆಗೆ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ ಎಂದು ಅವಳು ಹೇಳುತ್ತಾಳೆ. ಚೆನ್ನಾಗಿ ಗೊತ್ತಾಗಿತ್ತು.

ಫೋಟೋ ಬಂತು. ರೆಹೆಮಾ ನೋಡಿದಳು, ಸಂತೋಷಪಟ್ಟಳು, ಕವರಿನಲ್ಲಿಟ್ಟಳು. ಹುಟ್ಟಿದಂದಿನಿಂದ ಬೊಟ್ಟಿರುವ ಮುಖವನ್ನೇ ನೋಡಿದವಳು. ಬೊಟ್ಟಿಲ್ಲದಿದ್ದರೆ ತಾನೇ ಅವಳಿಗೆ ಏನೋ ತಪ್ಪಿದೆ ಎನಿಸಬೇಕಾದದ್ದು.

ಮಾರತ್ತಹಳ್ಳಿಯ ಹೋಟೆಲಿಗೆ ಎಲ್ಲರೂ ಹೋದರು. ದೊಡ್ಡಮುನಿಯಪ್ಪ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದಿದ್ದ. ಬಾಗಿಲಲ್ಲಿ ಒಳ್ಳೆಯ ಸೂಟು ತೊಟ್ಟು ನಿಂತಿದ್ದವನಿಗೆ ಹಾರ ಹಾಕಿ ಶಾಲು ಹೊದಿಸಿ, ಬುಟ್ಟಿ ಕೊಟ್ಟು ಕೈಮುಗಿದ. ಅವನು ಆ ಹೋಟೆಲಿನ ಮ್ಯಾನೇಜರು. ನಿಜವಾದ ಅಧಿಕಾರಿ ಒಳಗೆ ಟೀ ಶರ್ಟಿನಲ್ಲಿ ಕೂತು ಸಮೋಸ ತಿನ್ನುತ್ತಿದ್ದ. ಹಣ್ಣಿನ ಬುಟ್ಟಿಯನ್ನಾದರೂ ವಾಪಸು ಕೇಳಬಹುದಿತ್ತು, ದೊಡ್ಡಮುನಿಯಪ್ಪನಿಗೆ ನಾಚಿಕೆಯಾಯಿತು. ಮ್ಯಾನೇಜರು ಮಾತ್ರ ಆ ದಿನವೆಲ್ಲ ಹಾರ ತೆಗೆಯಲಿಲ್ಲ.

ಅಧಿಕಾರಿ ಫೋಟೋ ನೋಡಿದ, ವನಜಮ್ಮನ ತೊಡೆಯ ಮೇಲಿದ್ದ ಮಗುವನ್ನು ನೋಡಿದ, ಮತ್ತೆ ಫೋಟೋ ನೋಡಿದ. ಎರಡು ಕಡೆಯೂ ಎಡಗೆನ್ನೆಯಲ್ಲಿ ಒಂದೇ ಜಾಗದಲ್ಲಿ ಒಂದೇ ಕಪ್ಪು. ತೃಪ್ತಿಯಿಂದ ಏನೋ ಬರೆದುಕೊಂಡು, ಮುಂದಿನವರನ್ನು ಕರೆದ.

ಪಾಸ್‌ಪೋರ್ಟ್ ಕೊರಿಯರಿನಲ್ಲಿ ಬಂದದ್ದು ವೀಸಾ ಇನ್ನೇನು ಮುಗಿಯಿತು ಎನ್ನುವಾಗ. ಅದನ್ನು ಬಿಡಿಸಿ ನೋಡಿದ ದಿವ್ಯಾ ಒಂದು ಪುಟವನ್ನು ಎರಡೆರಡು ಸಲ ಓದಿದಳು. “ರೆಹೆಮಾ, ನೀಮಾಗೆ ಕೆನ್ನೆ ಮೇಲೆ ಮಚ್ಚೆ ಇದ್ಯಾ?”

“ಇಲ್ವಲ್ಲ ಅಕ್ಕ.”

“ಇದೆಯಂತೆ. ಎಡಗೆನ್ನೆ ಮೇಲೆ ಕಪ್ಪು ಮಚ್ಚೆ, ಹುಟ್ಟು ಗುರುತು ಅಂತ ಬರ್ದಿದಾರೆ. ಫೋಟೋದಲ್ಲೂ ಇದೆ.”

ದಿವ್ಯಾ, ರೆಹೆಮಾ, ದೊಡ್ಡಮುನಿಯಪ್ಪ ಮೂವರೂ ವನಜಮ್ಮನ ಕಡೆ ತಿರುಗಿದರು. ಅವಳು ಸೀಲಿಂಗಿನ ಫ್ಯಾನಿನಲ್ಲಿ ಏನೋ ಹುಡುಕುತ್ತಿದ್ದಳು.

ಆ ದಿನ ಆಶ್ಚರ್ಯವೆಂಬಂತೆ ರಾಯಭಾರ ಕಚೇರಿಯವರು ಫೋನು ತೆಗೆದರು. ಮಾತಾಡಿದ ಹೆಂಗಸು ಬಹಳ ಸಮಾಧಾನದವಳು. ದಾಖಲೆಯಲ್ಲಿ ತಪ್ಪಿಲ್ಲ, ನಮ್ಮ ಅಧಿಕಾರಿ ಖುದ್ದು ಕಂಡು ಬರೆದದ್ದು ಎಂದಳು. ಆ ಗುರುತು ಮಗುವಿಗೆ ಇಲ್ಲವೇ ಇಲ್ಲ ಎಂದು ರೆಹೆಮಾ ಹೇಳಿದಾಗ, ಹಾಗಾದರೆ ಅದು ಹೋಗಿದೆ ಎಂದು ಚರ್ಮದ ವೈದ್ಯರಿಂದ ಬರೆಸಿಕೊಂಡು ದೆಹಲಿಗೆ ಬನ್ನಿ, ಹೊಸದಾಗಿ ಅರ್ಜಿ ಹಾಕೋಣ ಎಂದಳು. ಎಷ್ಟು ದಿನ ಆಗುತ್ತದೆ ಎಂದು ಕೇಳಿದ್ದಕ್ಕೆ, ನಡುವೆ ಹಬ್ಬಗಳಿವೆ ಎಂದು ಉತ್ತರ ಬಂತು.

ರೆಹೆಮಾ ಫೋನಿಟ್ಟು ವನಜಮ್ಮನ ಮುಂದೆ ನಿಂತಳು. “ಯಾಕಮ್ಮ ಇಂಗ್ ಮಾಡ್ದೆ? ಬ್ಯಾಡ ಅಂತ ಅಕ್ಕ ಏಳಿದ್ರಲ್ಲ. ಅವರಪ್ಪ ಅಲ್ಲಿ ತೊಟ್ಲು ಮಾಡ್ಸಿ ಕಾಯ್ತಾವ್ನೆ. ವಿಮಾನದೋರು ಇದು ನಿನ್ ಮಗು ಅಲ್ಲ ಅಂದ್ರೆ ನಾನೇನ್ ಏಳ್ಲಿ?”

ತಾನೇ ಕಲಿಸಿದ ಕನ್ನಡದಲ್ಲಿ ತನಗೇ ಬೈಗುಳ ಬಿದ್ದದ್ದು ವನಜಮ್ಮನಿಗೆ ಇದೇ ಮೊದಲು. ಟ್ಯಾಂಕರಿನವನ ಎದುರು ಎಂದೂ ಸೋಲದವಳು ಒಳಗೆ ಹೋಗಿ, ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಮಗುವಿಗೆ ಯಾರ ಕಣ್ಣೂ ತಾಗದಿರಲಿ ಎಂದು ಇಟ್ಟ ಬೊಟ್ಟು ಮಗುವಿನ ದಾರಿಗೇ ಅಡ್ಡ ಬಂತಲ್ಲ ಎಂಬ ಸಂಕಟ ಒಂದು ಕಡೆ. ಇನ್ನೊಂದು ಸಂಕಟ ಅದಕ್ಕಿಂತ ಕೆಟ್ಟದ್ದು. ಪಾಸ್‌ಪೋರ್ಟ್ ಸರಿಯಿಲ್ಲ ಎಂದು ದಿವ್ಯಾ ಹೇಳಿದಾಗ, ಒಂದು ಗಳಿಗೆ, ಒಂದೇ ಗಳಿಗೆ, ಮಗು ಇಲ್ಲೇ ಉಳಿಯುತ್ತದೆ ಎಂದು ಅವಳಿಗೆ ಸಂತೋಷವಾಗಿತ್ತು. ಅದಕ್ಕಾಗಿ ಅವಳು ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಂಡಳು.

ಮರುದಿನ ಬೆಳಿಗ್ಗೆ ಬಂದು ಎಂದಿನಂತೆ ಮಗುವಿಗೆ ನೀರು ಹಾಕಿದಳು, ಹೊಗೆ ಹಾಕಿದಳು, ಬೊಟ್ಟಿಡದೆ ತಾಯಿಯ ಕೈಗೆ ಕೊಟ್ಟಳು. ರೆಹೆಮಾ ಆ ಬೋಳು ಕೆನ್ನೆಯನ್ನು ನೋಡಿದಳು. ಯಾರದೋ ಮಗುವಿನಂತಿತ್ತು. ಪಾಸ್‌ಪೋರ್ಟ್ ತೆಗೆದು ಪಕ್ಕದಲ್ಲಿ ಹಿಡಿದರೆ ಸರ್ಕಾರದ ಪ್ರಕಾರವೂ ಅದು ಬೇರೆ ಮಗುವೇ. ಅವಳಿಗೆ ನಗು ತಡೆಯಲಾಗಲಿಲ್ಲ. ಕೋಪ ಇನ್ನೂ ಇತ್ತು, ಆದರೆ ನಗುತ್ತಾ ಕೋಪ ಮಾಡಿಕೊಳ್ಳುವುದು ಕಷ್ಟ.

“ಇಡಮ್ಮ” ಎಂದು ಕೆನ್ನೆ ಮುಂದೆ ಮಾಡಿದಳು.

ವನಜಮ್ಮ ಸೊಸೆಯ ಮುಖ ನೋಡಿದಳು. “ಇಡಿ ಅತ್ತೆ” ಎಂದಳು ದಿವ್ಯಾ. “ಇನ್ಮೇಲೆ ಅದು ದೃಷ್ಟಿ ಬೊಟ್ಟಲ್ಲ, ಡಾಕ್ಯುಮೆಂಟು. ಅಳಿಸೋ ಹಾಗಿಲ್ಲ.”

ಇಲ್ಲಿಂದ ಹೊರಡಲು ಬೇಕಾದ ಅನುಮತಿಯನ್ನು ದಿವ್ಯಾ ಕಂಪ್ಯೂಟರಿನಲ್ಲೇ ಮುಗಿಸಿದಳು. ಅಲ್ಲಿ ಯಾರೂ ಕೆನ್ನೆ ಮುಟ್ಟಿ ನೋಡುವುದಿಲ್ಲ. ಉಳಿದದ್ದು ವಿಮಾನ ನಿಲ್ದಾಣ. ಹೆಬ್ಬಗೋಡಿಯಿಂದ ಅಲ್ಲಿಗೆ ಊರಿನ ಈ ತುದಿಯಿಂದ ಆ ತುದಿ. ಕಾರಿನಲ್ಲಿ ನೀಮಾ ಎರಡು ಸಲ ಹಾಲು ಕಕ್ಕಿದಳು, ಬೊಟ್ಟು ಎರಡು ಸಲ ಅಳಿಸಿಹೋಯಿತು, ವನಜಮ್ಮ ಎರಡು ಸಲ ಇಟ್ಟಳು. ದೊಡ್ಡಮುನಿಯಪ್ಪ ಮುಂದಿನ ಸೀಟಿನಲ್ಲಿ ಶಾಲು ಹಿಡಿದು ಕೂತಿದ್ದ. ಯಾರಿಗೆ ಎಂದು ಕೇಳಿದರೆ, ಇರಲಿ ಎಂದ.

ಬಾಗಿಲ ಬಳಿ ಟಿಕೆಟ್ ಇಲ್ಲದವರು ನಿಂತುಬಿಡಬೇಕು ಎಂಬುದು ವನಜಮ್ಮನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಬಂದೂಕಿನವನ ಹತ್ತಿರ ಒಂದು ಸುತ್ತು ವಾದಿಸಿ ನೋಡಿದಳು. ಆಗಲಿಲ್ಲ. ಸೊಂಟದಿಂದ ಬೆಳ್ಳಿ ಡಬ್ಬಿ ತೆಗೆದು ರೆಹೆಮಾಳ ಕೈಯಲ್ಲಿಟ್ಟಳು. ಆ ಡಬ್ಬಿಯನ್ನು ಸ್ವಂತ ಸೊಸೆಗೂ ಮುಟ್ಟಲು ಬಿಟ್ಟವಳಲ್ಲ.

“ಉಂಗ್ರದ ಬೆಳ್ಳಲ್ಲಿ ಇಡು. ಒತ್ಬ್ಯಾಡ, ಸುಮ್ಕೆ ಮುಟ್ಸು. ಇದೇ ಜಾಗ, ನೋಡ್ಕೊ.” ಅಷ್ಟು ಹೇಳಿ, ಮಗುವಿನ ನೆತ್ತಿ ಮೂಸಿ, ನೆಟಿಗೆ ಮುರಿದು, ತಿರುಗಿ ನಿಂತುಬಿಟ್ಟಳು. ದೊಡ್ಡಮುನಿಯಪ್ಪ ಶಾಲು ಬಿಡಿಸಿ ಮಗುವಿಗೆ ಹೊದಿಸಿದ. ಅವನ ಜೀವನದಲ್ಲಿ ಯಾವ ಕೆಲಸಕ್ಕೂ ಅಲ್ಲದೆ ಹೊದಿಸಿದ ಶಾಲು ಅದೊಂದೇ.

ಆಮೇಲೆ ಹೊರಗೆ ಕಾಯುವುದು. ಗಾಜಿನಾಚೆ ಏನೂ ಕಾಣದು. ವಾಪಸು ಕಳಿಸಿದರೆ ಈ ಬಾಗಿಲಿಂದಲೇ ಬರುತ್ತಾರಾ ಎಂದು ವನಜಮ್ಮ ಕೇಳುತ್ತಲೇ ಇದ್ದಳು. ಬರದಿರಲಿ ಎಂದು ಕೈಮುಗಿಯುತ್ತಲೂ ಇದ್ದಳು. ಈ ಸಲ ಆ ಪ್ರಾರ್ಥನೆಯಲ್ಲಿ ಕಳ್ಳತನವಿರಲಿಲ್ಲ.

ಫೋನು ಬಂದಾಗ ರೆಹೆಮಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ಗೊತ್ತಾಗಲಿಲ್ಲ. ಪಾಸ್‌ಪೋರ್ಟ್ ನೋಡುವ ಕೌಂಟರಿನ ಸಾಲಿನಲ್ಲಿ ನೀಮಾ ಅತ್ತು ಅತ್ತು ಮುಖ ಉಜ್ಜಿಕೊಂಡು, ಬೊಟ್ಟು ಕೆನ್ನೆಯಿಂದ ಗಲ್ಲಕ್ಕೆ ಇಳಿದಿತ್ತು. ಕೌಂಟರಿನಲ್ಲಿದ್ದ ಹೆಂಗಸು ಫೋಟೋ ನೋಡಿದಳು, ಬರೆದದ್ದನ್ನು ಓದಿದಳು, ಮಗುವನ್ನು ನೋಡಿದಳು. “ಮಚ್ಚೆ ಕೆನ್ನೆ ಮೇಲಿರ್ಬೇಕಲ್ಲ?” ಎಂದು ತನ್ನಷ್ಟಕ್ಕೆ ಕನ್ನಡದಲ್ಲಿ ಅಂದುಕೊಂಡಳು.

“ನಂಗೇನ್ ಏಳ್ಬೇಕೋ ಗೊತ್ತಾಗ್ಲಿಲ್ಲಮ್ಮ” ಎಂದಳು ರೆಹೆಮಾ. “ಡಬ್ಬಿ ತೆಗ್ದೆ. ಗಲ್ಲ ಒರ್ಸ್ದೆ. ಅವ್ರ್ ಮುಂದೇನೆ ಬೊಟ್ಟಿಟ್ಬುಟ್ಟೆ.”

“ಅಯ್ಯೋ, ಆಮ್ಯಾಕೆ?”

“ಅವ್ರು ಪಾಸ್‌ಪೋರ್ಟ್ ನೋಡುದ್ರು, ಮಗೂನ್ ನೋಡುದ್ರು. ಸುಮಾರ್ ಒತ್ತು ನೋಡುದ್ರು. ಆಮೇಲೆ, ಇನ್ನೊಂದ್ ಸ್ವಲ್ಪ ಮೇಲೆ, ಅಂದ್ರು. ಇಟ್ಟೆ. ಸೀಲ್ ಒತ್ತುದ್ರು.”

ವನಜಮ್ಮ ಅಲ್ಲೇ ಟ್ರಾಲಿಯ ಮೇಲೆ ಕೂತಳು. ಆ ಕೌಂಟರಿನ ಹೆಂಗಸು ಯಾರ ಮನೆಯವಳೋ, ಅವಳ ಮಕ್ಕಳು ತಣ್ಣಗಿರಲಿ ಎಂದಳು. ದೊಡ್ಡಮುನಿಯಪ್ಪನಿಗೆ ಇನ್ನೊಂದು ಶಾಲು ತರಲಿಲ್ಲವಲ್ಲ ಎಂದು ಕೈಕೈ ಹಿಸುಕಿಕೊಳ್ಳುವಂತಾಯಿತು.

ಬೆಳ್ಳಿ ಡಬ್ಬಿ ಇಲ್ಲದ ಸೊಂಟ ವನಜಮ್ಮನಿಗೆ ಬಹಳ ದಿನ ಬೋಳೆನಿಸಿತು. ಬೀದಿಯ ಮಕ್ಕಳಿಗೆ ಬೊಟ್ಟಿಡಲು ಕೈ ಏಳುತ್ತಿರಲಿಲ್ಲ. ಆ ಊರಿನಲ್ಲಿ ಬಂದರು ಇದೆಯಂತೆ, ಬಂದರೆಂದರೆ ಹಡಗಿನಿಂದ ಇಳಿಯುವ ಜನ, ಜನ ಎಂದರೆ ಕಣ್ಣು. ಅಲ್ಲಿಯವರಿಗೆ ಈ ಬೊಟ್ಟಿನ ಗಂಧಗಾಳಿ ಇಲ್ಲ. ಮನೆ ತಲುಪಿದ ಕೂಡಲೇ ತೊಳೆದು ಹಾಕಿರುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಈ ಭಯವನ್ನು ಯಾರಿಗೂ ಹೇಳಲಿಲ್ಲ, ಹೇಳುವ ಮುಖವೂ ತನಗಿಲ್ಲ ಎಂದುಕೊಂಡಿದ್ದಳು.

ಒಂದು ಭಾನುವಾರ ದಿವ್ಯಾಳ ಫೋನಿಗೆ ವಿಡಿಯೋ ಕರೆ ಬಂತು. ಪರದೆಯಲ್ಲಿ ರೆಹೆಮಾ, ಅವಳ ಗಂಡ, ಮಧ್ಯದಲ್ಲಿ ತಲೆಗೆ ಬಣ್ಣದ ಬಟ್ಟೆ ಕಟ್ಟಿದ ದಪ್ಪನೆಯ ಹೆಂಗಸು. ಅವಳ ತೊಡೆಯ ಮೇಲೆ ನೀಮಾ ಕೂತಿದ್ದಳು. ಎಡಗೆನ್ನೆಯಲ್ಲಿ ಕಪ್ಪು ಬೊಟ್ಟು.

“ನಮ್ಮಮ್ಮ ಕಣಮ್ಮ” ಎಂದಳು ರೆಹೆಮಾ. “ಪಾಸ್‌ಪೋರ್ಟಲ್ಲಿ ಬರ್ದದೆ ಅಂತ ಏಳ್ದೆ. ಸರ್ಕಾರ ಬರ್ದಿರೋದ್ನ ನಾವ್ಯಾಕ್ ಅಳಿಸ್ಬೇಕು ಅಂತ ದಿನಾ ಅವ್ರೇ ಇಡ್ತಾವ್ರೆ. ನಂಗ್ ಮುಟ್ಟಕ್ ಬಿಡಲ್ಲ. ಡಬ್ಬಿ ಸೊಂಟಕ್ ಸಿಗಿಸ್ಕೊಂಡವ್ರೆ. ಕಾಡಿಗೆ ಖಾಲಿ ಆಗ್ತಾ ಬಂತು, ಕಳಿಸ್ಬೇಕಂತೆ. ಪಾಸ್‌ಪೋರ್ಟು ಇನ್ನೂ ಐದೊರ್ಷ ನಡೀತದೆ.”

ಆ ಅಜ್ಜಿಗೆ ಕನ್ನಡ ಬಾರದು, ಈ ಅಜ್ಜಿಗೆ ಅವಳ ಭಾಷೆ ಬಾರದು. ಅವಳು ಮಗುವನ್ನು ಎತ್ತಿ, ಎಡಗೆನ್ನೆಯನ್ನು ಪರದೆಯ ತೀರಾ ಹತ್ತಿರಕ್ಕೆ ತಂದು ಹಿಡಿದು, ಸರಿಯಿದೆಯೇ ಎಂಬಂತೆ ಕಾದಳು. ವನಜಮ್ಮ ಕಣ್ಣು ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿದಳು.

“ಇನ್ನೊಂದೊಸಿ ಮ್ಯಾಕೆ” ಎಂದಳು.

ರೆಹೆಮಾ ಅದನ್ನು ಅವರ ಭಾಷೆಯಲ್ಲಿ ಹೇಳುವ ಮುಂಚೆಯೇ ಆ ಹೆಂಗಸಿನ ಉಂಗುರದ ಬೆರಳು ಡಬ್ಬಿಗೆ ಹೋಗಿತ್ತು.